ಒಂಬತ್ತೆರಡ್ಲ ಹದಿನೇಳು: ಸೇಬಿನ ಜೀನೋಮ್ ಇಮ್ಮಡಿಯಾದ ಬಗೆ

ಗುಲಾಬಿ ಕುಟುಂಬದ ಗಿಡಮರಗಳ ವರ್ಣತಂತುಗಳನ್ನು ಎಣಿಸುತ್ತ ಹೋದರೆ ಒಂದು ಕಡೆ ಎಣಿಕೆ ತಟ್ಟನೆ ಮೇಲಕ್ಕೆ ಜಿಗಿಯುತ್ತದೆ. ಗುಲಾಬಿ, ಸ್ಟ್ರಾಬೆರಿ, ರಾಸ್ಪ್‌ಬೆರಿಗಳ ಮೂಲ ಸಂಖ್ಯೆ 7. ಪೀಚ್, ಪ್ಲಮ್, ಚೆರ್ರಿ, ಬಾದಾಮಿಗಳದು 8. ಸ್ಪೈರಿಯಾ ಎಂಬ ಹೂಗಿಡದ್ದು 9. ಸೇಬಿಗೆ ಬಂದಾಗ ಅದು 17. ಪೇರ್, ಕ್ವಿನ್ಸ್, ಲೋಕಾಟ್, ಹಾಥಾರ್ನ್ ಕೂಡ 17ರ ಮನೆತನದವೇ. ಮೂಲ ಸಂಖ್ಯೆ ಎಂದರೆ ಒಂದು ಸೆಟ್‌ನಲ್ಲಿರುವ ವರ್ಣತಂತುಗಳ ಲೆಕ್ಕ. ಸೇಬಿನ ಎಲೆಯ ಒಂದು ಜೀವಕೋಶದಲ್ಲಿ 34 ವರ್ಣತಂತುಗಳಿರುತ್ತವೆ: ತಾಯಿಯಿಂದ 17, ತಂದೆಯಿಂದ 17.

7, 8, 9ರ ಕುಟುಂಬದಲ್ಲಿ 17 ಎಲ್ಲಿಂದ ಬಂತು? ಎಂಟೂ ಒಂಬತ್ತೂ ಕೂಡಿದರೆ 17 ಆಗುತ್ತದೆ ಎಂಬುದು ಯಾರಿಗೂ ಮೊದಲು ಹೊಳೆಯುವ ಉತ್ತರ. ದಶಕಗಳ ಕಾಲ ಪುಸ್ತಕಗಳಲ್ಲಿದ್ದದ್ದೂ ಅದೇ. ಆದರೆ ಸೇಬಿನ ಜೀನೋಮ್, ಅಂದರೆ ಅದರ ಇಡೀ ಡಿಎನ್‌ಎ, ಓದಿದಾಗ ಸಿಕ್ಕ ಉತ್ತರ ಬೇರೆ: ಒಂಬತ್ತು ಇಮ್ಮಡಿಯಾಗಿ ಹದಿನೆಂಟಾಯಿತು, ಆಮೇಲೆ ಒಂದು ಕಡಿಮೆಯಾಯಿತು. ಇಮ್ಮಡಿಯಾದ ಘಟನೆ ಒಂದೆರಡು ತಲೆಮಾರಿನಲ್ಲಿ ಮುಗಿದಿರಬಹುದು. ಅದರ ನಂತರ ಕೋಟ್ಯಂತರ ವರ್ಷ ನಡೆದ ಒಪ್ಪಓರಣದಲ್ಲೇ ಸೇಬು ಸೇಬಾಗಿದ್ದು.

ಇಮ್ಮಡಿಯಾಗುವುದು ಹೇಗೆ

ಪರಾಗವೋ ಅಂಡಕೋಶವೋ ರೂಪುಗೊಳ್ಳುವಾಗ ವರ್ಣತಂತುಗಳ ಸಂಖ್ಯೆ ಅರ್ಧವಾಗಬೇಕು. ಆ ವಿಶೇಷ ವಿಭಜನೆಗೆ ಮಿಯೋಸಿಸ್ ಎನ್ನುತ್ತಾರೆ. ಅದರಲ್ಲಿ ಎರಡು ಹಂತಗಳಿವೆ. ಯಾವುದಾದರೂ ಒಂದು ಹಂತ ತಪ್ಪಿದರೆ, ಅಂದರೆ ವರ್ಣತಂತುಗಳನ್ನು ಎರಡು ಧ್ರುವಗಳಿಗೆ ಎಳೆಯುವ ನೂಲುಗಳು ಸರಿಯಾಗಿ ಹೊಂದಿಕೊಳ್ಳದಿದ್ದರೆ ಅಥವಾ ನಡುವೆ ಏಳಬೇಕಾದ ಗೋಡೆ ಏಳದಿದ್ದರೆ, ಅರ್ಧವಾಗದ ಪರಾಗ ಹುಟ್ಟುತ್ತದೆ. ಹಠಾತ್ ಚಳಿ, ವಿಪರೀತ ಶಾಖ ಇಂಥ ತಪ್ಪುಗಳನ್ನು ಹೆಚ್ಚಿಸುತ್ತವೆ.

ಅರ್ಧವಾಗದ ಪರಾಗ ಸಾಮಾನ್ಯ ಅಂಡಕೋಶವನ್ನು ಸೇರಿದರೆ ಮೂರು ಸೆಟ್‌ಗಳ ಸಸಿ, ಅಂದರೆ ತ್ರಿಗುಣಿತ ಹುಟ್ಟುತ್ತದೆ. ಇಂದಿನ ಸೇಬಿನ ತೋಟಗಳಲ್ಲಿ ಇದು ಅಪರೂಪವಲ್ಲ. ಬ್ರಾಮ್ಲೀಸ್ ಸೀಡ್ಲಿಂಗ್, ಗ್ರಾವೆನ್‌ಸ್ಟೈನ್, ಜೊನಾಗೋಲ್ಡ್, ಮುತ್ಸು ತಳಿಗಳೆಲ್ಲ 51 ವರ್ಣತಂತುಗಳ ತ್ರಿಗುಣಿತಗಳೇ. ಮರ ಸೊಕ್ಕಾಗಿ ಬೆಳೆಯುತ್ತದೆ, ಹಣ್ಣು ದಪ್ಪ. ಪರಾಗ ಮಾತ್ರ ಹೆಚ್ಚಿನಂಶ ಜೊಳ್ಳು, ಏಕೆಂದರೆ ಮೂರು ಸೆಟ್ ಎರಡು ಸಮಪಾಲಾಗುವುದಿಲ್ಲ. ಆದ್ದರಿಂದ ಇಂಥ ತಳಿಯ ಜೊತೆಗೆ ಒಂದಲ್ಲ, ಒಂದೇ ಕಾಲಕ್ಕೆ ಹೂಬಿಡುವ ಎರಡು ಬೇರೆ ಬೇರೆ ದ್ವಿಗುಣಿತ (ಎರಡು ಸೆಟ್‌ಗಳ, ಮಾಮೂಲಿ) ತಳಿಗಳನ್ನು ನೆಡಬೇಕು. ಅವೆರಡು ಪರಸ್ಪರ ಪರಾಗ ಕೊಟ್ಟುಕೊಂಡು ತ್ರಿಗುಣಿತಕ್ಕೂ ಕೊಡುತ್ತವೆ. ಒಂದನ್ನೇ ನೆಟ್ಟರೆ ತ್ರಿಗುಣಿತ ಕಾಯಿ ಕಚ್ಚುತ್ತದೆ, ಆದರೆ ಪರಾಗ ಕೊಟ್ಟ ಮರಕ್ಕೆ ಪ್ರತಿಯಾಗಿ ಏನೂ ಸಿಗದೆ ಅದು ಬರಿದಾಗುತ್ತದೆ.

ಅರ್ಧವಾಗದ ಪರಾಗ ಅರ್ಧವಾಗದ ಅಂಡಕೋಶವನ್ನೇ ಸೇರಿದರೆ ಒಮ್ಮೆಗೇ ನಾಲ್ಕು ಸೆಟ್. ತ್ರಿಗುಣಿತ ಗಿಡ ಅಪರೂಪಕ್ಕೆ ಬಿಟ್ಟ, ಮೂರೂ ಸೆಟ್ ಉಳಿಸಿಕೊಂಡ ಅಂಡಕೋಶಕ್ಕೆ ಸಾಮಾನ್ಯ ಪರಾಗ ಬಿದ್ದರೂ ನಾಲ್ಕು. ನಿಸರ್ಗದಲ್ಲಿ ಈ ಎರಡನೆಯ, ಮೆಟ್ಟಿಲು ಹತ್ತಿ ಬರುವ ದಾರಿಗೇ ಹೆಚ್ಚು ಅವಕಾಶ.

ಮನುಷ್ಯರು ಬಳಸುವ ದಾರಿ ಕಾಲ್ಚಿಸಿನ್. 1937ರಿಂದ ಸಸ್ಯ ತಳಿವಿಜ್ಞಾನಿಗಳ ಕೈಯಲ್ಲಿರುವ ಈ ವಿಷ, ವರ್ಣತಂತುಗಳನ್ನು ಎಳೆಯುವ ನೂಲು ಕಟ್ಟಿಕೊಳ್ಳದಂತೆ ತಡೆಯುತ್ತದೆ. ಶೇಕಡಾ 0.1ರಿಂದ 0.5ರಷ್ಟು ದ್ರಾವಣವನ್ನು ಬೆಳೆಯುವ ಕುಡಿಗೆ ತಾಗಿಸುವುದು ರೂಢಿ. ಹೆಚ್ಚಾದರೆ ಕುಡಿ ಸಾಯುತ್ತದೆ, ಕಡಿಮೆಯಾದರೆ ಏನೂ ಆಗುವುದಿಲ್ಲ. ಎಡವುವುದು ಇನ್ನೊಂದು ಕಡೆ. ಕುಡಿಯ ತುದಿಯಲ್ಲಿ ಮೂರು ಪದರಗಳಿವೆ, ಅವು ಒಟ್ಟಿಗೆ ಇಮ್ಮಡಿಯಾಗಬೇಕೆಂದಿಲ್ಲ. ಹೊರಪದರ 2 ಸೆಟ್, ಒಳಗಿನ ಎರಡು ಪದರ 4 ಸೆಟ್ ಇರುವ '2-4-4' ರೀತಿಯ ಬೆರಕೆ ಕುಡಿಗಳು ಸೇಬಿನಲ್ಲಿ ತಾವಾಗಿಯೂ ಕಾಣಿಸಿಕೊಂಡಿವೆ. ಮಾಮೂಲಿ ತಳಿಯ ಒಂದು ಕೊಂಬೆ ಇದ್ದಕ್ಕಿದ್ದಂತೆ ದೈತ್ಯ ಹಣ್ಣು ಬಿಡಲು ಇದೇ ಕಾರಣ. ಎಲೆಯ ಸಿಪ್ಪೆ ಸುಲಿದು, ಸೆಟ್ ಹೆಚ್ಚಿದಂತೆ ದೊಡ್ಡದಾಗುವ ಪತ್ರರಂಧ್ರದ ಕಾವಲುಕೋಶ ಅಳೆದವರಿಗೆ ಹೊರಪದರ ಮಾತ್ರ ಗೊತ್ತಾಗುತ್ತದೆ. ಪರಾಗ ಮತ್ತು ಅಂಡಕೋಶ ಹುಟ್ಟುವುದು ಎರಡನೆಯ ಪದರದಿಂದ. ಆದ್ದರಿಂದ ತಳಿ ಅಭಿವೃದ್ಧಿಗೆ ಆರಿಸುವ ಮುನ್ನ ಪರಾಗದ ಗಾತ್ರವನ್ನೂ ನೋಡಲೇಬೇಕು.

ಒಂಟಿ ಮರದ ಕಷ್ಟ

ಕಾಡಿನಲ್ಲಿ ಹುಟ್ಟಿದ ಮೊದಲ ಚತುರ್ಗುಣಿತಕ್ಕೆ, ಅಂದರೆ ನಾಲ್ಕು ಸೆಟ್‌ಗಳ ಮರಕ್ಕೆ, ಸಂಗಾತಿಯೇ ಇರುವುದಿಲ್ಲ. ಸುತ್ತಲಿನ ದ್ವಿಗುಣಿತ ಮರಗಳ ಪರಾಗ ಬಿದ್ದರೆ ಹುಟ್ಟುವುದು ಹೆಚ್ಚುಕಡಿಮೆ ಬಂಜೆಯಾದ ತ್ರಿಗುಣಿತ. ತನ್ನ ಪರಾಗ ತನಗೇ ಆಗಬೇಕು ಎಂದರೆ ಸೇಬು, ಪೇರ್ ವಂಶದಲ್ಲಿ ಅದಕ್ಕೆ ಕಟ್ಟುನಿಟ್ಟಿನ ತಡೆ ಇದೆ. ಹೂವಿನ ಶಲಾಕೆಯಲ್ಲಿ, ಅಂದರೆ ಪರಾಗನಳಿಕೆ ಅಂಡಾಶಯಕ್ಕೆ ಇಳಿಯುವ ಕಾಂಡದಲ್ಲಿ, ಎಸ್-ಆರ್‌ಎನ್‌ಏಸ್ ಎಂಬ ವಿಷಕಾರಿ ಪ್ರೋಟೀನ್ ಇರುತ್ತದೆ. ಪರಾಗಕ್ಕೆ ಬೇರೆಯವರ ಎಸ್-ಆರ್‌ಎನ್‌ಏಸ್ ಅನ್ನು ನಿಷ್ಕ್ರಿಯಗೊಳಿಸುವ ಸಲಕರಣೆ ಇದೆ, ತನ್ನದೇ ಬಗೆಯದಕ್ಕೆ ಇಲ್ಲ. ಹಾಗಾಗಿ ಸ್ವಂತ ಪರಾಗದ ನಳಿಕೆ ಶಲಾಕೆಯ ಅರ್ಧದಾರಿಯಲ್ಲೇ ನಿಲ್ಲುತ್ತದೆ.

ಇಮ್ಮಡಿಯಾದ ಮರದಲ್ಲಿ ಈ ಬೀಗ ಸಡಿಲವಾಗುತ್ತದೆ. ಅದರ ಪರಾಗದಲ್ಲಿ ಎರಡು ಸೆಟ್ ಇರುವುದರಿಂದ ಒಂದೇ ಪರಾಗಕಣದಲ್ಲಿ ಈ ತಡೆಯ ಸಲಕರಣೆಯ ಎರಡು ಬೇರೆ ಬೇರೆ ರೂಪಗಳು (ಎಸ್ ರೂಪಗಳು) ಬಂದುಬಿಡಬಹುದು. ಮೊದಲನೆಯದಕ್ಕೆ ಮುರಿಯಲಾಗದ ವಿಷವನ್ನು ಎರಡನೆಯದು ಮುರಿಯುತ್ತದೆ, ಎರಡನೆಯದಕ್ಕೆ ಆಗದ್ದನ್ನು ಮೊದಲನೆಯದು. ನಳಿಕೆ ಕೆಳಗಿಳಿದು ಅಂಡಾಶಯ ತಲುಪುತ್ತದೆ. ಫರ್ಟಿಲಿಟಿ ಎಂಬ ಪೇರ್ ತಳಿಯ ಚತುರ್ಗುಣಿತ ಕೊಂಬೆಯ ಹೂಗಳು ಸ್ವಂತ ಪರಾಗದಿಂದಲೇ ಕಾಯಿ ಕಟ್ಟಿದ್ದನ್ನು 1940ರ ದಶಕದಲ್ಲೇ ದಾಖಲಿಸಲಾಗಿದೆ. ಸೇಬಿನ ಪೂರ್ವಜವೂ ಈ ಸಂದಿಯಿಂದ ನುಸುಳಿ ಪಾರಾಗಿರಬಹುದು. ಇಮ್ಮಡಿಯಾದದ್ದೇ ಆ ಒಂಟಿತನಕ್ಕೆ ಮದ್ದೂ ಆದದ್ದು ನನಗೆ ಈ ಇಡೀ ವಿಷಯದಲ್ಲಿ ಬಲು ಸುಂದರವಾಗಿ ಕಾಣುವ ಸಂಗತಿ.

ಎರಡನೆಯ ತೊಡಕು ಜೋಡಿ ಹುಡುಕುವುದರದು. ಮಿಯೋಸಿಸ್‌ನಲ್ಲಿ ಪ್ರತಿ ವರ್ಣತಂತು ತನ್ನ ಜೋಡಿಯನ್ನು ಹುಡುಕಿ ಅಂಟಿಕೊಳ್ಳುತ್ತದೆ. ಒಂದೇ ಬಗೆಯವು ನಾಲ್ಕಿದ್ದರೆ ನಾಲ್ಕೂ ಒಂದಕ್ಕೊಂದು ಹೆಣೆದುಕೊಂಡು, ಬೇರೆಯಾಗುವಾಗ ಮೂರು-ಒಂದು ಎಂದು ಹಂಚಿಹೋಗುವ ಅಪಾಯವಿದೆ. ಕಾಲ ಕಳೆದಂತೆ ಎರಡು ಜೋಡಿಗಳ ನಡುವೆ ವ್ಯತ್ಯಾಸ ಬೆಳೆದು, ತುಂಡುಗಳು ಅದಲುಬದಲಾಗಿ, ಕೊನೆಗೆ ತನ್ನ ನಿಜವಾದ ಜೋಡಿಯ ಜೊತೆಗೆ ಮಾತ್ರ ಕೂಡುವ ಸ್ಥಿತಿ ಬರುತ್ತದೆ. ಇಂದಿನ ಸೇಬಿನಲ್ಲಿ 34 ವರ್ಣತಂತುಗಳು ಅಚ್ಚುಕಟ್ಟಾಗಿ 17 ಜೋಡಿಗಳಾಗುತ್ತವೆ. ಹುಟ್ಟಿನಿಂದ ಚತುರ್ಗುಣಿತ, ನಡವಳಿಕೆಯಲ್ಲಿ ದ್ವಿಗುಣಿತ.

ಹದಿನೇಳರ ಲೆಕ್ಕ

1930ರಲ್ಲಿ ವರ್ಣತಂತು ತಜ್ಞರಾದ ಡಾರ್ಲಿಂಗ್ಟನ್ ಮತ್ತು ಮೊಫೆಟ್ ಸೂಕ್ಷ್ಮದರ್ಶಕದಲ್ಲಿ ನೋಡಿದ್ದು ಇದೇ ನಡವಳಿಕೆಯನ್ನು. ಜೋಡಿಗಳು ಕೂಡಿದ ಮೇಲೂ ಕೆಲವು ಜೋಡಿಗಳು ಇನ್ನೊಂದು ಜೋಡಿಯ ಪಕ್ಕದಲ್ಲೇ ಸುಳಿಯುತ್ತಿದ್ದವು. ಹಳೆಯ ನೆಂಟಸ್ತಿಕೆಯ ಗುರುತು ಅದು ಎಂದು ಅವರು ಊಹಿಸಿದರು; ಮೂಲ ಸಂಖ್ಯೆ 7 ಎಂದೂ ಅದರಲ್ಲಿ ಕೆಲವು ಮಾತ್ರ ಹೆಚ್ಚಾದವೆಂದೂ ಲೆಕ್ಕ ಹಾಕಿದರು. ಮುಂದಿನ ವರ್ಷ ಅಮೆರಿಕದ ಸಸ್ಯವಿಜ್ಞಾನಿ ಕಾರ್ಲ್ ಸ್ಯಾಕ್ಸ್ 8 ಮತ್ತು 9ರ ಎರಡು ಬಗೆಯ ಸಸ್ಯಗಳ ಮಿಶ್ರಣದ ವಾದ ಮುಂದಿಟ್ಟರು. ಆಮೇಲೆ ಹೆಚ್ಚು ಜನ ಒಪ್ಪಿದ್ದು ಇದನ್ನೇ.

2010ರಲ್ಲಿ ಇಟಲಿಯ ರಿಕಾರ್ಡೊ ವೆಲಾಸ್ಕೊ ನೇತೃತ್ವದ ತಂಡ ಗೋಲ್ಡನ್ ಡೆಲಿಶಿಯಸ್ ತಳಿಯ ಜೀನೋಮ್ ಪ್ರಕಟಿಸಿದಾಗ ವರ್ಣತಂತುಗಳನ್ನು ಒಂದರ ಪಕ್ಕ ಒಂದಿಟ್ಟು ಜೀನ್‌ಗಳ ಸಾಲನ್ನು ಹೋಲಿಸುವುದು ಸಾಧ್ಯವಾಯಿತು. ಫಲಿತಾಂಶ ಹೀಗಿದೆ. 3ನೆಯದು 11ನೆಯದಕ್ಕೆ, 5ನೆಯದು 10ನೆಯದಕ್ಕೆ, 9ನೆಯದು 17ನೆಯದಕ್ಕೆ, 13ನೆಯದು 16ನೆಯದಕ್ಕೆ ಉದ್ದಕ್ಕೂ ಅವಳಿ. ಇನ್ನುಳಿದವು ತುಂಡುತುಂಡಾಗಿ ಹೋಲುತ್ತವೆ: 4ರ ಭಾಗ 12ರಲ್ಲಿ, 12ರ ಇನ್ನೊಂದು ಭಾಗ 14ರಲ್ಲಿ, 14ರ ಮತ್ತೊಂದು ಭಾಗ 6ರಲ್ಲಿ. ಹಾಗೆಯೇ 1 ಮತ್ತು 7, 7 ಮತ್ತು 2, 2 ಮತ್ತು 15, 15 ಮತ್ತು 8.

ಇದನ್ನು ಗುಂಪು ಮಾಡಿ ಎಣಿಸಿ. ಉದ್ದಕ್ಕೂ ಅವಳಿಯಾದ 8 ವರ್ಣತಂತುಗಳು ನಾಲ್ಕು ಪೂರ್ವಜ ವರ್ಣತಂತುಗಳಿಂದ ಬಂದವು. 4, 6, 12, 14 ಸೇರಿ ನಾಲ್ಕು. ಇವು ಎರಡು ಪೂರ್ವಜಗಳಿಂದ ಹುಟ್ಟಿ ತುಂಡು ವಿನಿಮಯ ಮಾಡಿಕೊಂಡವು. ಉಳಿದದ್ದು 1, 2, 7, 8, 15ರ ಗುಂಪು, ಅದಕ್ಕೆ ಮೂರು ಪೂರ್ವಜಗಳು. ಮೂರೆರಡ್ಲ ಆರು ಇರಬೇಕಿತ್ತು, ಇರುವುದು ಐದು. ಕಾಣೆಯಾದ ಹದಿನೆಂಟನೆಯದು ಈ ಗುಂಪಿನದೇ. ಕಾಣೆಯಾಗಿದೆ ಎಂದರೆ ಅದರ ಜೀನ್‌ಗಳೆಲ್ಲ ಮಣ್ಣುಪಾಲಾದವು ಎಂದಲ್ಲ. ವರ್ಣತಂತು ಮುರಿದು, ತುಂಡುಗಳು ಬೇರೆಯವಕ್ಕೆ ಅಂಟಿಕೊಂಡವು. ಕಳೆದುಹೋದದ್ದು ವಿಭಜನೆಯಲ್ಲಿ ನೂಲು ಹಿಡಿದುಕೊಳ್ಳುವ ಒಂದು ನಡುಗಂಟು ಮತ್ತು ಅದರ ಆಸುಪಾಸಿನ ಕೊಂಚ ಭಾಗ. ಎರಡು ಬೇರೆ ಬೇರೆ ಪೂರ್ವಜಗಳ ಭಾಗಗಳನ್ನು ಹೊತ್ತ 15ನೆಯದು ಇಂದು ಸೇಬಿನ ಅತಿ ಉದ್ದನೆಯ ವರ್ಣತಂತು.

8 ಮತ್ತು 9ರ ಮಿಶ್ರಣವಾಗಿದ್ದರೆ ಅವಳಿಗಳಲ್ಲಿ ಒಂದು ಪೀಚ್ ವಂಶಕ್ಕೆ ಹತ್ತಿರ, ಇನ್ನೊಂದು ಸ್ಪೈರಿಯಾ ವಂಶಕ್ಕೆ ಹತ್ತಿರ ಇರಬೇಕಿತ್ತು. ಹಾಗಿಲ್ಲ, ಅವಳಿಗಳು ಪರಸ್ಪರವೇ ಹೆಚ್ಚು ಹತ್ತಿರ. ಅವಕ್ಕೆ ಅತಿ ಸಮೀಪದ ನೆಂಟ ಉತ್ತರ ಅಮೆರಿಕದ ಪೂರ್ವಭಾಗದಲ್ಲಿ ಬೆಳೆಯುವ ಗಿಲೆನಿಯಾ. ಇದು ಮರವೂ ಅಲ್ಲ, ಮೂಲಿಕೆ. ಮೂಲ ಸಂಖ್ಯೆ 9. ಒಂದೇ ಪ್ರಭೇದ ತಾನಾಗಿ ಇಮ್ಮಡಿಯಾಯಿತೋ, ತೀರ ಹತ್ತಿರದ ಎರಡು ಪ್ರಭೇದಗಳು ಕೂಡಿ ಆಯಿತೋ ಎಂಬುದನ್ನು ಇಷ್ಟು ಕಾಲದ ಮೇಲೆ ಬೇರ್ಪಡಿಸುವುದು ಕಷ್ಟ. ದೂರದ ಮಿಶ್ರಣವಾಗಿದ್ದರೆ ಸಾಮಾನ್ಯವಾಗಿ ಒಂದು ಕಡೆಯ ಪ್ರತಿಗಳು ಹೆಚ್ಚು ಉಳಿದು ಇನ್ನೊಂದು ಕಡೆಯವು ಹೆಚ್ಚು ಅಳಿಯುತ್ತವೆ. ಪೇರ್ ಜೀನೋಮಿನಲ್ಲಿ ನಷ್ಟ ಎರಡೂ ಕಡೆ ಸರಿಸುಮಾರು ಸಮನಾಗಿ ಹಂಚಿಹೋಗಿರುವುದು ತಾನಾಗಿ ಇಮ್ಮಡಿಯಾದ ವಾದಕ್ಕೇ ಬಲ ಕೊಡುತ್ತದೆ.

ಪತ್ತೆ ಮಾಡುವ ಕ್ರಮ, ಮೋಸ ಹೋಗುವ ಜಾಗಗಳು

ಕೆಲಸದ ಕ್ರಮ ಹೇಳಲು ಸುಲಭ. ಜೀನೋಮಿನ ಎಲ್ಲ ಪ್ರೋಟೀನ್‌ಗಳನ್ನು ಅವುಗಳೊಳಗೇ ಹೋಲಿಸಿ ಹೋಲುವ ಜೋಡಿಗಳ ಪಟ್ಟಿ ಮಾಡಬೇಕು. ವರ್ಣತಂತುಗಳನ್ನು ಅಡ್ಡಕ್ಕೂ ಉದ್ದಕ್ಕೂ ಇಟ್ಟು ಪ್ರತಿ ಜೋಡಿಗೆ ಒಂದು ಚುಕ್ಕಿ ಹಾಕಬೇಕು. ಚುಕ್ಕಿಗಳು ಓರೆ ಗೆರೆಯಾಗಿ ಸಾಲುಗಟ್ಟಿದರೆ ಅಲ್ಲಿ ಜೀನ್‌ಗಳ ಕ್ರಮವೇ ನಕಲಾಗಿದೆ ಎಂದರ್ಥ. ಒಂದು ಜೀನ್ ಪಕ್ಕದಲ್ಲೇ ನಾಲ್ಕು ಸಲ ನಕಲಾಗಿದ್ದರೆ ಅದು ಗೆರೆಯಾಗುವುದಿಲ್ಲ, ಒಂದೆಡೆ ಗುಪ್ಪೆಯಾಗುತ್ತದೆ. ಗುಪ್ಪೆಗಳನ್ನು ಮೊದಲೇ ತೆಗೆದುಹಾಕದಿದ್ದರೆ ಮುಂದಿನ ಲೆಕ್ಕವೆಲ್ಲ ಕೆಡುತ್ತದೆ. ಕೊನೆಗೆ ಪೀಚ್ ಜೊತೆಗೆ ತಾಳೆ ನೋಡಬೇಕು. ಪೀಚ್‌ನ ಒಂದೊಂದು ಭಾಗಕ್ಕೂ ಸೇಬಿನಲ್ಲಿ ಎರಡೆರಡು ಭಾಗಗಳು ಸಿಗುವುದು ಗಟ್ಟಿ ಸಾಕ್ಷಿ. ಅವೆರಡರ ಆಚೆಗೂ ಮಸುಕಾದ ಮೂರರ ಗುಂಪುಗಳು ಕಾಣಿಸುತ್ತವೆ. ಅದು ಬೇರೆ, ತುಂಬ ಹಳೆಯ ಘಟನೆ: ದ್ವಿದಳ ಸಸ್ಯಗಳ ಬಹುಪಾಲಿನ ಪೂರ್ವಜದಲ್ಲಿ ನಡೆದ ಮುಮ್ಮಡಿ. 2007ರ ದ್ರಾಕ್ಷಿ ಜೀನೋಮಿನಲ್ಲಿ ಅದು ಸ್ಪಷ್ಟವಾಗಿ ಕಂಡಿತ್ತು. ಎರಡನ್ನೂ ಕಲಸಿಕೊಳ್ಳಬಾರದು.

ಕಾಲ ಅಳೆಯುವುದು ಇನ್ನೊಂದು ವಿದ್ಯೆ. ಡಿಎನ್‌ಎಯಲ್ಲಿ ಮೂರು ಅಕ್ಷರ ಸೇರಿ ಒಂದು ಅಮೈನೋ ಆಮ್ಲಕ್ಕೆ ಸಂಕೇತ. ಜಿಜಿಎ, ಜಿಜಿಸಿ, ಜಿಜಿಜಿ, ಜಿಜಿಟಿ ನಾಲ್ಕೂ ಗ್ಲೈಸಿನ್ನೇ. ಹಾಗಾಗಿ ಮೂರನೆಯ ಅಕ್ಷರ ಬದಲಾದರೂ ಪ್ರೋಟೀನಿಗೆ ತೊಂದರೆಯಿಲ್ಲ, ಬದಲಾವಣೆಗಳು ಗಡಿಯಾರದಂತೆ ಜಮೆಯಾಗುತ್ತವೆ. ಅವಳಿ ಜೀನ್‌ಗಳ ನಡುವೆ ಇಂಥ ಮೌನ ತಾಣವೊಂದಕ್ಕೆ ಆಗಿರುವ ಸರಾಸರಿ ಬದಲಾವಣೆಯನ್ನು ಕೆಎಸ್ ಎನ್ನುತ್ತಾರೆ. ಎರಡೂ ಪ್ರತಿಗಳು ಬದಲಾಗುತ್ತಿರುವುದರಿಂದ ಸೂತ್ರ ಹೀಗೆ: ಕಾಲ = ಕೆಎಸ್ ÷ (2 × ವರ್ಷಕ್ಕೆ ಬದಲಾವಣೆಯ ವೇಗ).

ಮೋಸ ಇರುವುದು ವೇಗದಲ್ಲಿ. ಕೆಎಸ್ 0.16 ಎಂದಿಟ್ಟುಕೊಳ್ಳಿ. ಸಾಸಿವೆ ಕುಟುಂಬದ ಸಣ್ಣ ಸಸ್ಯಗಳಿಗೆ ಬಳಸುವ ವೇಗ, ವರ್ಷಕ್ಕೆ ತಾಣವೊಂದಕ್ಕೆ 10 ಕೋಟಿಯಲ್ಲಿ 1.5 ಭಾಗ. ಅದನ್ನು ಹಾಕಿದರೆ ಉತ್ತರ ಸುಮಾರು 53 ಲಕ್ಷ ವರ್ಷ. ಸೇಬಿನ ವಂಶದ ಪಳೆಯುಳಿಕೆಗಳು ಅದಕ್ಕಿಂತ ಎಷ್ಟೋ ಹಳೆಯವು, ಆದ್ದರಿಂದ ಈ ಉತ್ತರ ತಪ್ಪು ಎಂದು ಕೂಡಲೇ ಗೊತ್ತಾಗುತ್ತದೆ. ಬೀಜದಿಂದ ಬೀಜಕ್ಕೆ ಹಲವು ವರ್ಷ ಹಿಡಿಯುವ ಮರಗಳಲ್ಲಿ ಗಡಿಯಾರ ನಿಧಾನ. 100 ಕೋಟಿಯಲ್ಲಿ 1.6 ಭಾಗ ಎಂದು ಹಾಕಿದರೆ 5 ಕೋಟಿ ವರ್ಷ ಬರುತ್ತದೆ. ಸೇಬಿನ ಜೀನೋಮ್ ತಂಡ ಕೊಟ್ಟ ಅಂದಾಜು 5 ಕೋಟಿ ವರ್ಷಕ್ಕೂ ಹಿಂದೆ. 2013ರಲ್ಲಿ ಪೇರ್ ಜೀನೋಮ್ ತಂಡ ಇದೇ ಘಟನೆಗೆ ಕೊಟ್ಟದ್ದು 3ರಿಂದ 4.5 ಕೋಟಿ. ಘಟನೆ ಎರಡಲ್ಲ, ಗಡಿಯಾರದ ಹೊಂದಾಣಿಕೆ ಬೇರೆ.

ಇದಕ್ಕಿಂತ ದೊಡ್ಡ ಎಡವಟ್ಟು ಎಣಿಕೆಯದು. 2010ರ ಪಟ್ಟಿಯಲ್ಲಿ ಸೇಬಿಗೆ 57,386 ಜೀನ್‌ಗಳಿದ್ದವು. ಸೇಬು ಪರಾಗಕ್ಕೆ ಬೇರೆ ತಳಿಯನ್ನೇ ನಂಬಿದ ಮರವಾದ್ದರಿಂದ ತಾಯಿಯ ಪ್ರತಿಗೂ ತಂದೆಯ ಪ್ರತಿಗೂ ವ್ಯತ್ಯಾಸ ಬಹಳ. ಚೂರುಚೂರಾಗಿ ಓದಿದ ಡಿಎನ್‌ಎಯನ್ನು ಜೋಡಿಸುವಾಗ ಗಣಕಕ್ಕೆ ಈ ಎರಡು ಪ್ರತಿಗಳು ಎರಡು ಬೇರೆ ಜೀನ್‌ಗಳಂತೆ ಕಾಣುತ್ತವೆ, ಒಂದೇ ಜೀನ್ ಎರಡು ಸಲ ಎಣಿಕೆಯಾಗುತ್ತದೆ. ಪರಿಹಾರ, ತಾಯಿ ತಂದೆ ಎರಡೂ ಪ್ರತಿ ಒಂದೇ ಆಗಿರುವ ಗಿಡವನ್ನು ಓದುವುದು. ಒಂದೇ ಸೆಟ್ ಇರುವ ಗಿಡ ಪಡೆದು ಅದನ್ನು ಇಮ್ಮಡಿಸಿದರೆ ಅಂಥ ಗಿಡ ಸಿಗುತ್ತದೆ. ಗೋಲ್ಡನ್ ಡೆಲಿಶಿಯಸ್‌ನ ಅಂಥ ಒಂದು ಸಾಲನ್ನು ಫ್ರಾನ್ಸ್‌ನ ಸಂಶೋಧಕರು ಮುಂದಾಳಾಗಿ ಓದಿ 2017ರಲ್ಲಿ ಪ್ರಕಟಿಸಿದರು. ಜೀನ್‌ಗಳ ಎಣಿಕೆ 42,140ಕ್ಕೆ ಇಳಿಯಿತು. ಇಂಥದೇ ಸಾಲಿನಿಂದ ಓದಿದ ಪೀಚ್‌ನಲ್ಲಿ 27,852. ಪೀಚ್ ಮಟ್ಟದಿಂದ ಇಮ್ಮಡಿಯಾದ ಸೇಬು ಆಮೇಲೆ ಏನನ್ನೂ ಕಳೆದುಕೊಳ್ಳದಿದ್ದರೆ 56,000ದ ಹತ್ತಿರ ಇರಬೇಕಿತ್ತು. ಅಕ್ಕಪಕ್ಕದ ನಕಲುಗಳನ್ನು ಬದಿಗಿಟ್ಟು ಒರಟಾಗಿ ಹೇಳುವುದಾದರೆ, ಅವಳಿಗಳಲ್ಲಿ ಅರ್ಧದಷ್ಟು ಒಂಟಿಯಾಗಿವೆ.

ಉಳಿದ ಅವಳಿಗಳು ಏನು ಮಾಡುತ್ತಿವೆ

ಯಾವುದು ಉಳಿಯುತ್ತದೆ ಎಂಬುದು ಬರೀ ಅದೃಷ್ಟವಲ್ಲ. ಹಲವು ಪ್ರೋಟೀನ್‌ಗಳು ಸೇರಿ ಒಂದು ಯಂತ್ರವಾಗುವ ಕಡೆ, ಅಥವಾ ಒಂದು ಜೀನ್ ನೂರಾರು ಜೀನ್‌ಗಳನ್ನು ಆಳುವ ಕಡೆ, ಪ್ರಮಾಣ ಮುಖ್ಯ. ಎಲ್ಲವೂ ಒಟ್ಟಿಗೆ ಇಮ್ಮಡಿಯಾದಾಗ ಸಮತೋಲ ಕೆಡುವುದಿಲ್ಲ; ಆಮೇಲೆ ಒಂದನ್ನು ಮಾತ್ರ ಕಳೆದುಕೊಂಡರೆ ಕೆಡುತ್ತದೆ. ಹಾಗಾಗಿ ನಿಯಂತ್ರಕ ಜೀನ್‌ಗಳ ಅವಳಿಗಳು ಹೆಚ್ಚು ಉಳಿಯುತ್ತವೆ. ಉಳಿದದ್ದಕ್ಕೆ ನಿಧಾನವಾಗಿ ಬೇರೆ ಕೆಲಸ ಕಲಿಯಲು ಪುರುಸೊತ್ತು ಸಿಗುತ್ತದೆ.

ಕಣ್ಣಿಗೆ ಕಾಣುವ ಉದಾಹರಣೆ ಕೆಂಪು ತಿರುಳಿನ ಸೇಬು. 9ನೇ ವರ್ಣತಂತುವಿನಲ್ಲಿ ಎಂವೈಬಿ10 ಎಂಬ ನಿಯಂತ್ರಕ ಜೀನ್ ಇದೆ. ಸಿಪ್ಪೆಗೆ ಕೆಂಪು ಕೊಡುವ ಆಂಥೋಸಯನಿನ್ ತಯಾರಿಗೆ ಅಪ್ಪಣೆ ಕೊಡುವುದು ಇದು. ಕೆಲವು ಸೇಬುಗಳಲ್ಲಿ ಈ ಜೀನ್‌ನ ಮುಂಭಾಗದ 23 ಅಕ್ಷರಗಳ ತುಂಡೊಂದು ಒಂದರ ಬದಲು ಆರು ಸಲ ಬಂದಿದೆ. ಎಂವೈಬಿ10 ಪ್ರೋಟೀನ್ ಆ ತುಂಡುಗಳಿಗೇ ಅಂಟಿ ತನ್ನನ್ನು ತಾನೇ ಮತ್ತಷ್ಟು ಉದ್ದೀಪಿಸುತ್ತದೆ. ಪರಿಣಾಮವಾಗಿ ಎಲೆ, ಹೂವು, ತಿರುಳು, ಬೀಜಗೂಡು ಎಲ್ಲವೂ ಕೆಂಪು.

ಇನ್ನೊಂದು ಬಗೆಯ ಸೇಬಿನಲ್ಲಿ ಎಲೆ ಹಸಿರಾಗಿಯೇ ಇರುತ್ತದೆ. ಹಣ್ಣು ಬಲಿಯುವ ಹೊತ್ತಿಗೆ ಬೀಜಗೂಡಿನ ಸುತ್ತಲ ತಿರುಳಿಗೆ ಮಾತ್ರ ಬಣ್ಣ ಏರುತ್ತದೆ. ಇದಕ್ಕೆ ಕಾರಣವಾದ ಜೀನ್ ಎಂವೈಬಿ110ಎ ಎಂದು 2013ರಲ್ಲಿ ಗೊತ್ತಾಯಿತು. ಅದಿರುವುದು 17ನೇ ವರ್ಣತಂತುವಿನಲ್ಲಿ. 9 ಮತ್ತು 17 ಅವಳಿಗಳು ಎಂಬುದನ್ನು ನೆನಪಿಸಿಕೊಳ್ಳಿ: ಕೋಟ್ಯಂತರ ವರ್ಷಗಳ ಹಿಂದೆ ಒಂದೇ ಆಗಿದ್ದ ಜೀನ್‌ನ ಎರಡನೇ ಪ್ರತಿ ಇದು. ಕೆಲಸ ಅದೇ, ಯಾವಾಗ ಎಲ್ಲಿ ಮಾಡಬೇಕೆಂಬ ಸೂಚನೆ ಮಾತ್ರ ಬದಲಾಗಿದೆ.

ಇಂಥ ಉದಾಹರಣೆ ನೋಡಿದವರು ಸೇಬಿನ ತಿರುಳುಳ್ಳ ಹಣ್ಣೇ ಇಮ್ಮಡಿಯ ಕೊಡುಗೆ ಎಂದುಬಿಡುತ್ತಾರೆ. ಸೇಬಿನಲ್ಲಿ ನಾವು ತಿನ್ನುವುದು ಬಹುಪಾಲು ಅಂಡಾಶಯವನ್ನಲ್ಲ, ಅದನ್ನು ಸುತ್ತುವರಿದು ಉಬ್ಬಿದ ಹೂವಿನ ಬಟ್ಟಲನ್ನು. ಎಂಎಡಿಎಸ್8, ಎಂಎಡಿಎಸ್9 ಎಂಬ ಹೋಲುವ ಜೀನ್ ಜೋಡಿಯನ್ನು ಒಟ್ಟಿಗೆ ಅಡಗಿಸಿದ ಸೇಬಿನ ಗಿಡಗಳಲ್ಲಿ ಆ ತಿರುಳು ತೀರ ತೆಳ್ಳಗಾಯಿತು, ಹಣ್ಣಾಗುವುದೂ ನಿಂತಿತು. ಆದರೂ ಇಮ್ಮಡಿ ಒಂದೇ ಸಾಕಾಗಲಿಲ್ಲ ಎನ್ನಲು ಜೀವಂತ ಸಾಕ್ಷಿಗಳಿವೆ. ಅಮೆರಿಕ ಖಂಡಗಳ ಕಾಗೆನೆಕಿಯಾ ಮತ್ತು ಲಿಂಡ್ಲೇಯಾ ಇದೇ ವಂಶದ ಸಸ್ಯಗಳು, ಇವಕ್ಕೂ 17 ವರ್ಣತಂತುಗಳು, ಇಮ್ಮಡಿಯಲ್ಲಿ ಇವೂ ಪಾಲುದಾರರು. ಇನ್ನೊಂದು ನೆಂಟ ವೊಕೆಲಿನಿಯಾ 15ಕ್ಕೆ ಇಳಿದಿದೆ. ಮೂರರಲ್ಲೂ ಬಿಡುವುದು ಒಣಗಿ ಬಿರಿಯುವ ಕಾಯಿ. ಇಮ್ಮಡಿ ಮೊದಲಾಯಿತು, ತಿರುಳು ಬಹಳ ತಡವಾಗಿ, ಒಂದು ಕವಲಿನಲ್ಲಿ ಮಾತ್ರ ಬಂತು.

ಈ ಅವಳಿತನ ಇಂದಿಗೂ ಪ್ರಯೋಗಾಲಯದ ಮೇಜಿನ ಮೇಲೆ ತೊಡಕು ತರುತ್ತದೆ. ಪಿಸಿಆರ್ ಎಂಬ ಡಿಎನ್‌ಎ ನಕಲು ಮಾಡುವ ವಿಧಾನದಲ್ಲಿ, ನಕಲು ಶುರುವಾಗುವ ಜಾಗ ಗುರುತಿಸುವ ಚಿಕ್ಕ ತುಂಡನ್ನು (ಪ್ರೈಮರ್) ಜೀನ್‌ನ ನಡುಭಾಗದಲ್ಲಿ ಕೂರಿಸಿದರೆ ಎರಡೂ ಅವಳಿಗಳು ಒಟ್ಟಿಗೆ ನಕಲಾಗಿ, ಎರಡು ರೂಪ ಕಾಣಬೇಕಾದಲ್ಲಿ ಮೂರು ನಾಲ್ಕು ಕಾಣುತ್ತವೆ. ಅಂಥ ಗುರುತಿನಿಂದ ಸಸಿಗಳನ್ನು ಆರಿಸಿದರೆ ಆಯ್ಕೆಯೇ ತಪ್ಪುತ್ತದೆ. ಅವಳಿಗಳು ಬೇಗ ಬೇರೆಯಾಗುವುದು ಜೀನ್‌ನ ಎರಡು ತುದಿಗಳ ಆಚೆ ಮತ್ತು ಇಂಟ್ರಾನ್‌ಗಳಲ್ಲಿ (ಜೀನ್‌ನೊಳಗೆ ಪ್ರೋಟೀನಿಗೆ ಸಂಕೇತವಲ್ಲದ ಭಾಗಗಳಲ್ಲಿ), ಪ್ರೈಮರನ್ನು ಅಲ್ಲಿಡಬೇಕು. ಕ್ರಿಸ್ಪರ್ ಎಂಬ ಜೀನ್ ತಿದ್ದುವ ಸಾಧನದಿಂದ ಜೀನ್ ಕತ್ತರಿಸುವಾಗ ಸಮಸ್ಯೆ ತಿರುಗುಮುರುಗಾಗುತ್ತದೆ: ಒಂದನ್ನು ಮುರಿದರೂ ಇನ್ನೊಂದು ಅದರ ಕೆಲಸ ಹೊತ್ತು ಗಿಡದಲ್ಲಿ ಏನೂ ಬದಲಾವಣೆ ಕಾಣದಿರಬಹುದು. ಆಗ ಎರಡಕ್ಕೂ ಹೊಂದುವ, ಎರಡರಲ್ಲೂ ಬದಲಾಗದೆ ಉಳಿದ 20 ಅಕ್ಷರಗಳ ಜಾಗ ಹುಡುಕಬೇಕಾಗುತ್ತದೆ. 9ನೇ ವರ್ಣತಂತುವಿನ ಜೀನ್‌ಗೆ ಕತ್ತರಿ ಇಡುವ ಮುನ್ನ 17ನೆಯದರ ಅದೇ ಸಾಲನ್ನು ತೆರೆದು ನೋಡುವುದು ಸೇಬಿನ ಕೆಲಸದಲ್ಲಿ ಮೊದಲ ದಿನವೇ ಕಲಿಯಬೇಕಾದ ಪಾಠ.